ಪರದೆಯ ಮೇಲಿನ ವೈದ್ಯಸಭೆ: ಹಾಜರಿಯೋ, ಉಪಯೋಗವೋ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶವ್ರತವೆಂಬುದೊಂದು. ದಿಗ್ವ್ರತದಲ್ಲಿ ಜೀವಮಾನಕ್ಕೆಂದು ಹಾಕಿಕೊಂಡ ಎಲ್ಲೆಯೊಳಗೆ, ಒಂದು ದಿನಕ್ಕೋ ಒಂದು ಪಕ್ಷಕ್ಕೋ ಮತ್ತಷ್ಟು ಚಿಕ್ಕ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅದರಾಚೆಗೆ ನನ್ನ ವ್ಯವಹಾರವಿಲ್ಲವೆಂದು ನಿಲ್ಲುವುದು ಇದರ ಸ್ವರೂಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಕೆಮ್ಮಿಯೋ ಕೂಗಿಯೋ ತನ್ನ ದನಿಯನ್ನು ಆಚೆಗೆ ಮುಟ್ಟಿಸುವುದು, ತನ್ನ ರೂಪವನ್ನು ಆಚೆಯವರಿಗೆ ತೋರಿಸಿ ಕೆಲಸ ಮಾಡಿಸುವುದು, ಹೆಂಟೆಯನ್ನೋ ಕಲ್ಲನ್ನೋ ಎಸೆದು ಸಂಜ್ಞೆ ಮಾಡುವುದು. ದೇಹ ಮನೆಯಲ್ಲಿಯೇ ಕುಳಿತಿದ್ದರೂ ದನಿ ಮತ್ತು ರೂಪ ಹೊಸ್ತಿಲು ದಾಟಿದರೆ ಮನುಷ್ಯನೇ ದಾಟಿದಂತೆ ಎಂಬ ಸೂಕ್ಷ್ಮವನ್ನು ಆಚಾರ್ಯರು ಅಷ್ಟು ಹಿಂದೆಯೇ ಕಂಡಿದ್ದರು. ದೂರವಾಣಿಯಿಲ್ಲದ ಕಾಲದಲ್ಲಿ ಬರೆದ ಆ ಮಾತನ್ನು ನಾನು ಅನೇಕ ಸಲ ಓದಿದ್ದೇನೆ. ಅದರ ಅರ್ಥ ನನಗೆ ನಿಜವಾಗಿ ತಿಳಿದದ್ದು ೨೦೨೦ರಲ್ಲಿ, ವೈದ್ಯರೊಬ್ಬರ ಮುಚ್ಚಿದ ಬಾಗಿಲಿನ ಮುಂದೆ.

ನಮ್ಮ ದಡ್ಡಿ ಹುಕ್ಕೇರಿ ತಾಲೂಕಿನ ಅಂಚಿನ ಊರು. ಮಹಾರಾಷ್ಟ್ರದ ಗಡಿ ಹತ್ತಿರ. ಕೆಲವರಿಗೆ ಬೆಳಗಾವಿಯ ಆಸ್ಪತ್ರೆ ರೂಢಿ, ಕೆಲವರಿಗೆ ಗಡಹಿಂಗ್ಲಜ ಅಥವಾ ಕೊಲ್ಹಾಪುರದ್ದು. ೨೦೨೦ರ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-೧೯ ರೋಗವನ್ನು ಮಹಾಮಾರಿಯೆಂದು ಕರೆಯಿತು. ಭಾರತದಲ್ಲಿ ಆ ರೋಗದಿಂದಾದ ಮೊದಲ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲಿಯೇ ಸಂಭವಿಸಿತು. ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ರಾಜ್ಯದ ಗಡಿಗಳಲ್ಲಿ ತಪಾಸಣೆ ಕೂತಿತು. ಯಾರೂ ಸಂಕಲ್ಪ ಮಾಡದೆ ಎಲ್ಲರಿಗೂ ದೇಶವ್ರತ ಬಂದೊದಗಿತು. ಚಾತುರ್ಮಾಸದಲ್ಲಿ ಮುನಿಗಳು ಜೀವಹಿಂಸೆ ತಪ್ಪಲೆಂದು ಒಂದೆಡೆ ನಿಲ್ಲುವಂತೆ, ಪರರ ಪ್ರಾಣಕ್ಕೆ ಅಪಾಯವಾಗದಿರಲೆಂದು ಗೃಹಸ್ಥರೂ ನಿಂತರು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ನಮ್ಮ ಅಣ್ಣನವರಿಗೆ ಜ್ವರ ಬಂದು ಉಸಿರು ಮೇಲೆ ಬರತೊಡಗಿತು. ಸಮೀಪದ ಊರೊಂದರ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಬಾಗಿಲಿಗೆ ಒಂದು ಹಲಗೆ: ಸಂಜೆ ನಾಲ್ಕರಿಂದ ಐದೂವರೆಯವರೆಗೆ ರೋಗಿಗಳನ್ನು ನೋಡಲಾಗುವುದಿಲ್ಲ, ಸಭೆ ಇದೆ. ಊರಿಗೆ ಊರೇ ಉಸಿರು ಕಟ್ಟಿ ಕುಳಿತಿರುವಾಗ ಇವರಿಗೆಂಥ ಸಭೆ ಎಂದು ನಾನು ಬಾಗಿಲು ಬಡಿದೆ, ಆಡಬಾರದ ಮಾತನ್ನೂ ಆಡಿದೆ. ನಮ್ಮ ಮಗನ ವಯಸ್ಸಿನ ಆ ವೈದ್ಯರು ಹೊರಗೆ ಬಂದು ಅಣ್ಣನವರ ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರವನ್ನು ಹಾಕಿ ನೋಡಿ, ಕಂಪೌಂಡರನಿಗೆ ಆಮ್ಲಜನಕ ಹಚ್ಚಲು ಹೇಳಿ, ನನ್ನ ಕಡೆ ತಿರುಗಿ, "ಕಾಕಾ, ಒಳಗ ಇದನ್ನ ಮಾತಾಡಾಕತ್ತಾರ್ರೀ. ಪೂರ್ತಿ ಕೇಳಿ ಬಂದರ ಅಣ್ಣಾರಿಗೇ ಉಪಯೋಗ ಆಗತೈತಿ" ಎಂದರು.

ಒಳಗೆ ಪರದೆಯ ಮೇಲೆ ದೊಡ್ಡ ಆಸ್ಪತ್ರೆಗಳ ತಜ್ಞರು ಮಾತನಾಡುತ್ತಿದ್ದರು. ರೋಗಿಯನ್ನು ಬೋರಲು ಮಲಗಿಸಿದರೆ ಶ್ವಾಸಕೋಶದ ಹಿಂಭಾಗ ತೆರೆದುಕೊಂಡು ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರುತ್ತದೆ. ಆಮ್ಲಜನಕ ಬೇಕಾದ ರೋಗಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಪ್ರಾಣರಕ್ಷಕ, ಬೇಡವಾದವನಿಗೆ ಅದರಿಂದ ಲಾಭವಿಲ್ಲ. ಈ ಎರಡನ್ನು ಅವರು ಆ ಸಂಜೆ ಕೇಳಿ ಬಂದರು. ಆ ರಾತ್ರಿಯೇ ಅಣ್ಣನವರನ್ನು ಬೋರಲು ಮಲಗಿಸಿದರು. ಅಣ್ಣನವರು ಉಳಿದರು. ಆ ಒಂದು ಸಭೆಯಿಂದಲೇ ಉಳಿದರೆಂದು ನಾನು ಹೇಳಲಾರೆ. ಆದರೆ ಬಾಗಿಲು ಬಡಿದ ಕೈ ಇಂದಿಗೂ ನನಗೆ ಭಾರವಾಗಿದೆ.

ಇದು ಒಂದು ಊರಿನ ಕಥೆಯಷ್ಟೇ ಅಲ್ಲ. ಡೆಕ್ಸಾಮೆಥಾಸೋನ್ ಫಲಕಾರಿಯೆಂದು ಇಂಗ್ಲೆಂಡಿನ 'ರಿಕವರಿ' ಪರೀಕ್ಷೆ ತಿಳಿಸಿದ್ದು ೨೦೨೦ರ ಜೂನ್ ೧೬ರಂದು. ಕೃತಕ ಉಸಿರಾಟದ ಯಂತ್ರಕ್ಕೆ ಹೋದವರ ಸಾವು ಅದರಿಂದ ಮೂರರಲ್ಲಿ ಒಂದು ಪಾಲು, ಕೇವಲ ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಜೂನ್ ೨೭ರಂದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಚಿಕಿತ್ಸಾಕ್ರಮದಲ್ಲಿ ಸೇರಿಸಿತು. ಅಂದರೆ ಹನ್ನೊಂದು ದಿನ. ಜುಲೈ ತಿಂಗಳಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯು ತೀವ್ರನಿಗಾ ಘಟಕದಲ್ಲಿ ದುಡಿಯುವ ಬೇರೆ ರಾಜ್ಯಗಳ ವೈದ್ಯರೊಂದಿಗೆ ಪರದೆಯ ಮೂಲಕ ಸಮಾಲೋಚನೆಯನ್ನು ಆರಂಭಿಸಿತು. ಯುರೋಪಿನ ಹೃದ್ರೋಗ ತಜ್ಞರ ಸಂಘದ ವಾರ್ಷಿಕ ಸಮ್ಮೇಳನಕ್ಕೆ ೨೦೧೯ರಲ್ಲಿ ಪ್ಯಾರಿಸ್ ನಗರಕ್ಕೆ ಹೋದವರು ಮೂವತ್ತು ಸಾವಿರಕ್ಕೆ ಮೇಲ್ಪಟ್ಟವರು. ೨೦೨೦ರಲ್ಲಿ ಅದೇ ಸಮ್ಮೇಳನ ಪರದೆಯ ಮೇಲೆ ನಡೆದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಪ್ಯಾರಿಸ್ಸಿಗೆ ಎಂದೂ ಹೋಗಲಾರದ ತಾಲೂಕಿನ ವೈದ್ಯನಿಗೂ ಅಲ್ಲಿ ಆಸನವಿತ್ತು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲ. ೨೦೦೨ರಷ್ಟು ಹಿಂದೆಯೇ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಿಂದ ದೂರದ ಜಿಲ್ಲೆಗಳ ವೈದ್ಯರಿಗೆ ಪರದೆಯ ಮೂಲಕ ಪಾಠ ಹೇಳುತ್ತ ಬಂದಿತ್ತು. ಆ ಕ್ರಮದ ಹೆಸರು 'ಎಕೋ'. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಅವರು ೨೦೦೩ರಲ್ಲಿ ಯಕೃತ್ತಿನ ಒಂದು ರೋಗಕ್ಕಾಗಿ ಅದನ್ನು ಹೊರಡಿಸಿದರು. ಅದರ ಮರ್ಮವಿಷ್ಟೆ: ಕೇಳುವವನು ಸುಮ್ಮನೆ ಕೇಳುವಂತಿಲ್ಲ, ತನ್ನ ರೋಗಿಯೊಬ್ಬನ ಸ್ಥಿತಿಯನ್ನು ಸಭೆಯ ಮುಂದಿಟ್ಟು ಪ್ರಶ್ನೆ ಕೇಳಬೇಕು. ನಮ್ಮ ಆಗಮದಲ್ಲಿ ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ ಐದು ಅಂಗಗಳಿವೆ. ಓದಿದ್ದನ್ನು ಕೇಳಿ ಸಂಶಯ ಪರಿಹರಿಸಿಕೊಳ್ಳುವುದು, ಮನಸ್ಸಿನಲ್ಲಿ ಮೆಲುಕು ಹಾಕುವುದು, ಇವೆಲ್ಲ ಕೂಡಿದಾಗ ಮಾತ್ರ ಅದು ಸ್ವಾಧ್ಯಾಯ. ಬರಿಯ ವಾಚನೆಯು ಐದರಲ್ಲಿ ಒಂದು.

ಇಲ್ಲಿಂದ ನನ್ನ ವಿಮರ್ಶೆ ಪ್ರಾರಂಭವಾಗುತ್ತದೆ. ೨೦೨೧ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ನಮ್ಮ ವೈನಿಯವರನ್ನು ಬೇರೊಂದು ಊರಿನ ಬೇರೊಬ್ಬ ವೈದ್ಯರಿಗೆ ತೋರಿಸಬೇಕಾಯಿತು. ಇವರ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಮೊಬೈಲು ಒರಗಿಸಿಟ್ಟಿದ್ದರು. ಅದರಲ್ಲಿ ಸಣ್ಣ ದನಿಯಲ್ಲಿ ಉಪನ್ಯಾಸ ನಡೆದಿತ್ತು. ವೈನಿಯವರ ಹೆಸರನ್ನು ಎರಡು ಸಲ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ನಾವೂ ಗಾಬರಿಯಲ್ಲಿ ಹೇಳಲಿಲ್ಲ. ಚೀಟಿ ಬರೆದುಕೊಟ್ಟರು. ನಾವು ಏಳುವಷ್ಟರಲ್ಲಿ ಮೊಬೈಲು ಗಂಟೆ ಬಾರಿಸಿತು. ಸಭೆ ಮುಗಿದು ಹಾಜರಿಯ ಪ್ರಮಾಣಪತ್ರ ಬಂದಿತ್ತು. ಅದನ್ನು ನೋಡಿ ಅವರಿಗೆ ಸಮಾಧಾನವಾಯಿತು. ಔಷಧದ ಅಂಗಡಿಯಲ್ಲಿ ಕುಳಿತ ನಮ್ಮ ಬಂಧುವೇ ಚೀಟಿ ನೋಡಿ, "ವೈನೀಗೆ ಸಕ್ಕರಿ ಐತಲ್ಲರಿ, ಇಷ್ಟು ಸ್ಟಿರಾಯ್ಡ್ ಹೆಂಗ ಬರದಾರ?" ಎಂದು ವೈದ್ಯರಿಗೆ ಫೋನು ಮಾಡಿ ಸರಿಪಡಿಸಿದರು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಿಗೆ ಅಳತೆಗೆಟ್ಟು ಕೊಟ್ಟ ಸ್ಟಿರಾಯ್ಡಿನಿಂದ ಕಪ್ಪು ಶಿಲೀಂಧ್ರ ರೋಗವು ಹಬ್ಬುತ್ತಿದ್ದ ತಿಂಗಳದು. ಮೇ ೨೦ರಂದು ಕೇಂದ್ರ ಸರ್ಕಾರ ಆ ರೋಗದ ಪ್ರತಿಯೊಂದು ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು.

ಇಬ್ಬರು ವೈದ್ಯರು, ಒಂದೇ ಬಗೆಯ ಸಭೆ. ಮೊದಲನೆಯವರು ಬಾಗಿಲು ಮುಚ್ಚಿದರು. ಆದ್ದರಿಂದ ಒಂದೂವರೆ ತಾಸು ಪೂರ್ತಿಯಾಗಿ ಅಲ್ಲಿದ್ದರು, ಅನಂತರ ಪೂರ್ತಿಯಾಗಿ ರೋಗಿಯ ಬಳಿ ಬಂದರು. ಎರಡನೆಯವರು ಬಾಗಿಲು ತೆರೆದಿಟ್ಟರು. ಅಲ್ಲಿಯೂ ಇರಲಿಲ್ಲ, ಇಲ್ಲಿಯೂ ಇರಲಿಲ್ಲ. ಜೀವದ ಲಕ್ಷಣವೇ ಉಪಯೋಗವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆಡುಮಾತಿನ 'ಲಾಭ'ವೆಂಬ ಅರ್ಥದಲ್ಲಲ್ಲ; ಚೈತನ್ಯವು ವಸ್ತುವಿನ ಕಡೆಗೆ ತಿರುಗಿ ಅರಿಯುವ ವ್ಯಾಪಾರವೆಂಬ ಅರ್ಥದಲ್ಲಿ. ಮತ್ತು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದದ ಯೋಗವನ್ನು ಮೊದಲು ಇಟ್ಟಿದೆ. ಎಚ್ಚರಗೇಡಿಯಾದವನು ಕೈಯೆತ್ತದೆಯೂ ಹಿಂಸಕನಾಗಬಲ್ಲ. ಪರದೆಯ ಮೇಲೆ ಹೆಸರು ಬೆಳಗುತ್ತಿದ್ದು ಮನಸ್ಸು ಬೇರೆಡೆ ಇದ್ದರೆ ಅದು ಕೇವಲ ರೂಪಾನುಪಾತ.

ಈ ಪ್ರಮಾದವು ಒಬ್ಬ ವೈದ್ಯರ ದೌರ್ಬಲ್ಯವೆಂದು ಬಿಟ್ಟುಬಿಡುವಂತಿಲ್ಲ. ಲೆಕ್ಕದ ಪದ್ಧತಿಯೇ ಅದಕ್ಕೆ ಎಡೆಮಾಡಿಕೊಟ್ಟಿದೆ. ೨೦೦೨ರ ವೈದ್ಯಕೀಯ ನಡತೆಯ ನಿಯಮಾವಳಿಯು ವೈದ್ಯನು ಐದು ವರ್ಷಕ್ಕೊಮ್ಮೆ ಕನಿಷ್ಠ ೩೦ ತಾಸು ನಿರಂತರ ಶಿಕ್ಷಣ ಪಡೆಯಬೇಕೆಂದು ಹೇಳಿತು. ಉದ್ದೇಶ ಸ್ತುತ್ಯ. ಆದರೆ ತಾಸು ಎಣಿಸುವುದು ಸುಲಭ, ಅರಿವು ಎಣಿಸುವುದು ಕಷ್ಟ. ಸಭಾಭವನದಲ್ಲಿ ನಡೆಯುವ ಸಮ್ಮೇಳನದಲ್ಲಿಯೂ ರುಜು ಹಾಕಿ ಊಟಕ್ಕೆ ಹೋಗುವವರಿದ್ದರು. ಪರದೆಯ ಮೇಲೆ ಎದ್ದುಹೋಗುವ ಕಷ್ಟವೂ ತಪ್ಪಿತು. ನಾನು ವಾಣಿಜ್ಯ ಪದವೀಧರ, ನಲವತ್ತು ವರ್ಷ ಅಡತಿ ಅಂಗಡಿಯ ಕೀರ್ದಿ ಬರೆದವನು. ಗೋದಾಮಿನಲ್ಲಿ ಮಾಲು ಇಲ್ಲದೆ ಖಾತೆಯಲ್ಲಿ ಜಮೆ ತೋರಿಸುವುದಕ್ಕೆ ನಮ್ಮ ವ್ಯಾಪಾರದಲ್ಲಿ ಏನೆನ್ನುತ್ತಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಎರಡನೆಯ ದೋಷ ಸಭೆಯಲ್ಲಿ ಕೇಳಿಬರುವ ಮಾತಿನದು. ವೇಗವಾಗಿ ಬಂದುದೆಲ್ಲ ಸತ್ಯವಾಗಿ ಬರಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ೨೦೨೦ರ ಮಾರ್ಚ್ ತಿಂಗಳಲ್ಲಿ ಮುನ್ನೆಚ್ಚರಿಕೆಗಾಗಿ ಸೂಚಿಸಲಾಯಿತು. ಚಿಕಿತ್ಸೆಗೆ ಅದರಿಂದ ಲಾಭವಿಲ್ಲವೆಂದು ಜೂನ್ ತಿಂಗಳಲ್ಲಿ ರಿಕವರಿ ಪರೀಕ್ಷೆಯವರು ತಿಳಿಸಿದರು. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗ ಉಲ್ಬಣಿಸುವುದೂ ಸಾವೂ ತಪ್ಪುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸ್ವಂತ ಪರೀಕ್ಷೆಯೇ ೨೦೨೦ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆದರೂ ಚಿಕಿತ್ಸಾಕ್ರಮದಿಂದ ಅದನ್ನು ಕೈಬಿಟ್ಟದ್ದು ೨೦೨೧ರ ಮೇ ೧೭ರಂದು. ಆ ಏಳು ತಿಂಗಳು ಮನೆಮನೆಯವರು ಪ್ಲಾಸ್ಮಾ ದಾನಿಗಳಿಗಾಗಿ ಅಲೆದರು. ಹನ್ನೊಂದು ದಿನದಲ್ಲಿ ಸೇರಿಸಲು ಬಂದವರಿಗೆ ಬಿಡಲು ಏಳು ತಿಂಗಳು ಬೇಕಾಯಿತು. ಹೊಸ ವಿಷಯವನ್ನು 'ಈವರೆಗೆ ತಿಳಿದಂತೆ', 'ಇಂಥ ರೋಗಿಯಲ್ಲಿ', 'ಇಷ್ಟರ ಮಟ್ಟಿಗೆ' ಎಂದು ಹೇಳುವ ಸಂಯಮವೇ ಸ್ಯಾದ್ವಾದ. ಪರದೆಯ ಮೇಲೆ ತಾಸಿಗೊಬ್ಬರಂತೆ ಮಾತನಾಡಿದ ಪಂಡಿತರಲ್ಲಿ ಆ ಸಂಯಮ ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ಕೇಳಿ ಸುಮ್ಮನಾದವನಿಗೆ ಆ ಭೇದ ತಿಳಿಯಲಾರದು. ಪೃಚ್ಛನೆ ಮಾಡಿದವನಿಗೆ ತಿಳಿಯುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಹಣದ ವಿಷಯ. ಮಹಾಮಾರಿಗೆ ಮೊದಲು ಸಮ್ಮೇಳನವೆಂದರೆ ವಿಮಾನ, ಹೋಟೆಲು, ಭೋಜನ, ಕೈಚೀಲ. ಇವುಗಳ ಖರ್ಚನ್ನು ಅನೇಕ ಸಂದರ್ಭಗಳಲ್ಲಿ ಔಷಧ ಕಂಪನಿಗಳು ಹೊರುತ್ತಿದ್ದುದು ಗುಟ್ಟೇನಲ್ಲ. ೨೦೦೯ರ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನಿಯಮಾವಳಿಯನ್ನು ತಿದ್ದಿ, ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ, ನಗದು ಪಡೆಯಕೂಡದೆಂದು ವಿಧಿಸಿತು. ಕೊಡುವ ಕೈಯನ್ನು ಅದು ಕಟ್ಟಲಿಲ್ಲ. ಕಂಪನಿಗಳು ಕೊಟ್ಟದ್ದನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುತ್ತಿದ್ದವು. ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೨೨ರಂದು ಇದಕ್ಕೆ ಉತ್ತರ ಕೊಟ್ಟಿತು. ವೈದ್ಯರಿಗೆ ಕೊಟ್ಟ ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಸಮ್ಮೇಳನದ ಖರ್ಚು ಮುಂತಾದವುಗಳ ಲೆಕ್ಕ ಅಲ್ಲಿತ್ತು. ತೆಗೆದುಕೊಳ್ಳುವವನಿಗೆ ನಿಷಿದ್ಧವಾದದ್ದು ಕೊಡುವವನಿಗೆ ಸಕ್ರಮ ಖರ್ಚಾಗಲಾರದು. ಈ ವೆಚ್ಚ ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆ ಬೀಳುತ್ತದೆ ಎಂಬುದು ತೀರ್ಪಿನ ತಾತ್ಪರ್ಯ. ಅದೇ ವರ್ಷದ ಮುಂಗಡಪತ್ರದಲ್ಲಿ ಕಾಯಿದೆಗೂ ಈ ವಿವರಣೆ ಸೇರಿತು.

ವ್ಯಾಪಾರಿಯಾದ ನನಗೆ ಈ ತೀರ್ಪಿನಲ್ಲಿ ಅಚೌರ್ಯವ್ರತದ ವ್ಯಾಖ್ಯಾನವೇ ಕಂಡಿತು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಕಂಪನಿ ಸಂತೋಷದಿಂದ ಕೊಟ್ಟಿದೆಯಲ್ಲ, ಇದು ಅದತ್ತ ಹೇಗಾದೀತು ಎಂದು ಕೇಳಬಹುದು. ಖಾತೆಯನ್ನು ಹಿಂದಕ್ಕೆ ತಿರುವಿ ನೋಡಿರಿ. ಕೊಟ್ಟ ಹಣ ಕಂಪನಿಯದಲ್ಲ, ಮಾತ್ರೆಯ ಬೆಲೆಯಲ್ಲಿ ಅದನ್ನು ತುಂಬಿದ ರೋಗಿಯದು. ಅವನನ್ನು ಯಾರೂ ಕೇಳಲಿಲ್ಲ. ಅವನು ಕೊಟ್ಟೆನೆಂದು ಅವನಿಗೇ ತಿಳಿಯದು. ತಿಳಿಯದವನ ಗಂಟಿನಿಂದ ಬಂದ ಉಡುಗೊರೆಯನ್ನು ದತ್ತವೆಂದು ಹೇಗೆ ಕರೆಯೋಣ? ಇದನ್ನು ಬರೆಯುವಾಗ ನನ್ನ ಕೈಯೂ ಶುದ್ಧವಿಲ್ಲ. ದೊಡ್ಡ ಗಿರಾಕಿಯ ಗುಮಾಸ್ತರಿಗೆ ದೀಪಾವಳಿಗೆ ಬಟ್ಟೆ ಕೊಟ್ಟವನು ನಾನು. ಆ ಖರ್ಚು ಯಾರ ಮಾಲಿನ ದರದಲ್ಲಿ ಇಳಿಯಿತೆಂದು ಆಗ ಯೋಚಿಸಿರಲಿಲ್ಲ.

೨೦೨೦ ಮತ್ತು ೨೦೨೧ರಲ್ಲಿ ವಿಮಾನ ಹೋಟೆಲುಗಳು ತಾವಾಗಿಯೇ ನಿಂತವು. ಆದರೂ ವೈದ್ಯರು ಕಲಿತರು. ಹಿಂದೆಂದಿಗಿಂತ ಹೆಚ್ಚು ಜನ, ಹೆಚ್ಚು ಬೇಗ ಕಲಿತರು. ಆ ಎರಡು ವರ್ಷದ ಅತ್ಯಂತ ದೊಡ್ಡ ಸಾಕ್ಷ್ಯವಿದು: ಪ್ರಯಾಣದ ಉಡುಗೊರೆ ವಿದ್ಯೆಗೆ ಬೇಕಾದುದಾಗಿರಲಿಲ್ಲ. ಅಷ್ಟರಲ್ಲಿಯೂ ಪರಿಗ್ರಹ ಬೇರೆ ದಾರಿ ಹುಡುಕಿಕೊಂಡಿತು. ಪರದೆಯ ಮೂಲೆಯಲ್ಲಿ ಮಾತ್ರೆಯ ಹೆಸರು ನಿಂತಿತು; ಸಭೆಗೆ ಸೇರುವ ಕೊಂಡಿಯನ್ನು ಕಂಪನಿಯ ಪ್ರತಿನಿಧಿಯೇ ಕಳುಹಿಸತೊಡಗಿದ. ನಮ್ಮ ಬಂಧುವರ್ಗದಲ್ಲಿಯೇ ಆ ಉದ್ಯೋಗದ ಯುವಕರಿದ್ದಾರೆ. ಎಷ್ಟು ವೈದ್ಯರನ್ನು ಸೇರಿಸಿದೆ ಎಂಬುದು ಅವರ ತಿಂಗಳ ಲೆಕ್ಕಕ್ಕೆ ಬರುತ್ತಿತ್ತೆಂದು ಅವರೇ ಹೇಳಿದರು.

ಅನಂತರದ ಇತಿಹಾಸ ಸಂಕ್ಷಿಪ್ತ. ೨೦೨೩ರ ಆಗಸ್ಟ್ ೨ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಕಂಪನಿಗಳ ಪ್ರಾಯೋಜಿತ ಸಭೆಗಳಿಂದ ವೈದ್ಯರನ್ನು ದೂರವಿಡುವ ಕಟ್ಟುನಿಟ್ಟಿನ ನಿಯಮ ಹೊರಡಿಸಿತು. ವೈದ್ಯ ಸಂಘಗಳ ಆಕ್ಷೇಪದ ಮೇಲೆ ಆಗಸ್ಟ್ ೨೩ರಂದು ಇಡೀ ನಿಯಮಾವಳಿಯನ್ನೇ ತಡೆಹಿಡಿಯಿತು. ಇಪ್ಪತ್ತೊಂದು ದಿನದ ಆಯುಷ್ಯ. ೨೦೨೪ರ ಮಾರ್ಚಿನಲ್ಲಿ ಔಷಧ ಮಾರಾಟದ ಏಕರೂಪ ಸಂಹಿತೆ ಬಂದಿತು. ವಿದೇಶದಲ್ಲಿ ಇಂಥ ಶಿಕ್ಷಣಸಭೆ ನಡೆಸುವುದನ್ನು ಅದು ನಿಷೇಧಿಸಿತು, ಭಾಷಣಕಾರರಲ್ಲದ ವೈದ್ಯರಿಗೆ ಪ್ರಯಾಣ ಮತ್ತು ವಸತಿಯ ಖರ್ಚು ಕೊಡಬಾರದೆಂದಿತು, ಸಭೆಗಳಿಗೆ ಮಾಡಿದ ವೆಚ್ಚವನ್ನು ಕಂಪನಿಗಳು ಪ್ರಕಟಿಸಬೇಕೆಂದಿತು. ಒಳ್ಳೆಯದೇ. ಆದರೆ ವ್ರತವು ಹೊರಗಿನಿಂದ ಹೇರಿದರೆ ನಿಲ್ಲದು.

ಪರದೆಯೇ ಸರ್ವಸ್ವವೆಂದು ನನ್ನ ವಾದವಲ್ಲ. ಶಸ್ತ್ರಚಿಕಿತ್ಸೆಯ ಹೊಲಿಗೆಯನ್ನು ಕೈ ಹಿಡಿದೇ ಕಲಿಸಬೇಕು. ಹಿರಿಯರ ಜೊತೆ ಊಟಕ್ಕೆ ಕುಳಿತಾಗ, ತಾನು ಮಾಡಿದ ತಪ್ಪನ್ನು ಸಣ್ಣ ದನಿಯಲ್ಲಿ ಕೇಳಿ ತಿಳಿದುಕೊಳ್ಳುವ ಕಿರಿಯ ವೈದ್ಯನಿಗೆ ಪರದೆಯ ಮೇಲೆ ಆ ಏಕಾಂತವಿಲ್ಲ. ನಮ್ಮ ಗಡಿಭಾಗದಲ್ಲಿ ಮಳೆ ಬಂದರೆ ಮೊಬೈಲಿನ ಸಂಪರ್ಕವೂ ತಪ್ಪುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ತಮ್ಮ ಖರ್ಚಿನಲ್ಲಿ ಕೂಡಿರಲಿ, ತಿಂಗಳಿಗೊಮ್ಮೆ ಪರದೆಯಲ್ಲಿ ಕೂಡಿರಲಿ.

ಇದರಲ್ಲಿ ನಮ್ಮ ಪಾಲೇನು ಎಂಬ ಪ್ರಶ್ನೆ ಉಳಿಯಿತು. ಬಸದಿಯ ಸಭಾಭವನದಲ್ಲಿ ಉಚಿತ ತಪಾಸಣಾ ಶಿಬಿರ ಮಾಡುತ್ತೇವೆ. ವೇದಿಕೆಯ ಹಿಂದೆ ಮಾತ್ರೆಯ ಜಾಹೀರಾತಿನ ಬ್ಯಾನರು ತೂಗುತ್ತದೆ. ಶಿಬಿರದ ಖರ್ಚು ಉಳಿಯಿತೆಂದು ವಿಶ್ವಸ್ತರು ಸಂತೋಷಪಡುತ್ತಾರೆ. ಔಷಧದಾನದ ಹೆಸರಿನಲ್ಲಿ ನಾವು ಮಾಡುತ್ತಿರುವುದು ಮಾರಾಟಕ್ಕೆ ಜಾಗ ಕೊಡುವುದು. ಚತುರ್ವಿಧ ದಾನದಲ್ಲಿ ಔಷಧದಾನದ ಪಕ್ಕದಲ್ಲಿಯೇ ಶಾಸ್ತ್ರದಾನವಿದೆ. ಒಂದು ಕೋಣೆ, ಒಂದು ದೊಡ್ಡ ಪರದೆ, ನಂಬಬಹುದಾದ ಅಂತರ್ಜಾಲ, ವಿದ್ಯುತ್ತು ಹೋದರೆ ಬ್ಯಾಟರಿ: ಇಷ್ಟನ್ನು ತಾಲೂಕಿಗೊಂದು ಟ್ರಸ್ಟು ಒದಗಿಸಿದರೆ ಸುತ್ತಲಿನ ಹತ್ತು ಹನ್ನೆರಡು ವೈದ್ಯರು, ಯಾವ ಮತದವರೇ ಆಗಲಿ, ಯಾವ ಕಂಪನಿಯ ಹಂಗೂ ಇಲ್ಲದೆ ಕೂಡಿ ಕೇಳಬಹುದು, ಕೇಳಿದ್ದನ್ನು ಚರ್ಚಿಸಬಹುದು. ಒಬ್ಬ ವೈದ್ಯರ ಸನ್ಮಾನಕ್ಕೆ ಶಾಲು, ಹಾರ, ಫಲಕ, ಊಟವೆಂದು ನಾವು ಮಾಡುವ ವೆಚ್ಚವನ್ನು ಕೆಲವು ವರ್ಷ ಕೂಡಿಸಿದರೆ ಇದು ಆಗಿಹೋಗುತ್ತದೆ. ಲೆಕ್ಕವನ್ನು ಬಸದಿಯ ಫಲಕದ ಮೇಲೆ ಬರೆದು ಹಚ್ಚಿದರೆ ಸಾಕು.

ಕುಟುಂಬಗಳಿಗೂ ಒಂದು ಮಾತು. ವೈದ್ಯರ ಬಾಗಿಲು ವಾರದಲ್ಲಿ ಎರಡು ತಾಸು ಅಭ್ಯಾಸಕ್ಕಾಗಿ ಮುಚ್ಚಿದ್ದರೆ, ಪ್ರಾಣಾಪಾಯವಿಲ್ಲದ ಪಕ್ಷದಲ್ಲಿ, ಹೊರಗೆ ಕಟ್ಟೆಯ ಮೇಲೆ ಕುಳಿತಿರೋಣ. ನಾವು ಬಾಗಿಲು ಬಡಿಯುವುದರಿಂದಲೇ ಎಷ್ಟೋ ವೈದ್ಯರು ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡು ಅರ್ಧ ಅಲ್ಲಿ ಅರ್ಧ ಇಲ್ಲಿ ಇರಬೇಕಾಗಿದೆ. ಆ ಎರಡನೆಯ ವೈದ್ಯರ ಪ್ರಮಾದದಲ್ಲಿ ನನ್ನಂಥವರ ಪಾಲೂ ಇದೆ. ಒಳಗೆ ಹೋದಮೇಲೆ ಮಾತ್ರ, ಸಕ್ಕರೆ ಇದೆ, ರಕ್ತದೊತ್ತಡ ಇದೆ ಎಂದು ಅವರು ಕೇಳದಿದ್ದರೂ ನಾವೇ ಹೇಳೋಣ. ಮೊಬೈಲು ಮಾತನಾಡುತ್ತಿದ್ದರೆ ಅದು ಮುಗಿಯಲಿ, ಆಮೇಲೆ ನೋಡಿರಿ, ನಾವು ಕಾಯುತ್ತೇವೆ ಎನ್ನೋಣ.

ಅಣ್ಣನವರನ್ನು ನೋಡಿದ ಆ ವೈದ್ಯರ ಬಾಗಿಲಿಗೆ ಆ ಹಲಗೆ ಇಂದಿಗೂ ಇದೆ. ಸಮಯ ಬದಲಾಗಿದೆ, ಬುಧವಾರ ಸಂಜೆಗೆ ಮಾತ್ರ. ಕಳೆದ ತಿಂಗಳು ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಹೋದಾಗ ಅದು ತೂಗುತ್ತಿತ್ತು. ನಾನು ಹೊರಗಿನ ಕಟ್ಟೆಯ ಮೇಲೆ ಒಂದೂವರೆ ತಾಸು ಕುಳಿತೆ.